ಕನ್ಹೇರಿಯ ನೀರಿನ ಟಾಕಿಗಳು

ಕೇಳುಗರಿಗೆ ನಮಸ್ಕಾರ.

ಮುಂಬೈಗೆ ನೆಂಟರು ಬಂದರೆ ನಾವು ತೋರಿಸುವುದು ಗೇಟ್‌ವೇ, ಆಮೇಲೆ ಚೌಪಾಟಿ. ಹೋದ ಮಳೆಗಾಲದಲ್ಲಿ ಸೇಡಂ ಕಡೆಯಿಂದ ನಮ್ಮ ಸೋದರಮಾವ ಬಂದಿದ್ದರು. ಅವರಿಗೆ ಸಮುದ್ರ ಒಂದೇ ಸಂಜೆಗೆ ಸಾಕಾಯಿತು. "ಗುಡ್ಡ ಇದ್ರ ತೋರ್ಸೋ" ಎಂದರು. ಬೊರಿವಲಿ ಲೋಕಲ್ ಹತ್ತಿದೆವು.

ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಕಾಡಿನೊಳಗೆ ಆರೇಳು ಕಿಲೋಮೀಟರ್ ಹೋದರೆ ಕನ್ಹೇರಿ. ಕೃಷ್ಣಗಿರಿ ಎಂಬ ಹೆಸರೇ ಸವೆದು ಹೀಗಾಗಿದೆ. ಕಪ್ಪು ಕಲ್ಲಿನ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆ ಕೊರೆದು ಬೌದ್ಧ ಭಿಕ್ಷುಗಳು ಹತ್ತಿರ ಹತ್ತಿರ ಸಾವಿರ ವರ್ಷ ಬಾಳಿದ ಜಾಗ.

ಜನ ಜಾಸ್ತಿ ಇರುವುದು 3ನೇ ಗುಹೆಯಲ್ಲಿ. ಅದು ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ. ಜಗಲಿಯ ಎರಡು ತುದಿಗೂ ಸುಮಾರು 7 ಮೀಟರ್ ಎತ್ತರದ ಬುದ್ಧ ನಿಂತಿದ್ದಾನೆ. ಎಲ್ಲರೂ ಸೆಲ್ಫಿಯಲ್ಲಿ ಮುಳುಗಿದ್ದರು. ಮಾವ ಕೈಮುಗಿದರು, ಸುತ್ತ ನೋಡಿದರು. "ಇಷ್ಟ್ ಮಂದಿ ಇದ್ರಲ್ಲ, ನೀರ್ ಎಲ್ಲಿಂದ ತರ್ತಿದ್ರು?" ಒಕ್ಕಲಿನ ಮನುಷ್ಯ, ಬೇರೇನು ಕೇಳುತ್ತಾರೆ!

ಉತ್ತರ ಕಾಲ ಬುಡದಲ್ಲೇ ಇತ್ತು. ಗುಹೆಗಳ ಮುಂದೆ ಕಲ್ಲನ್ನೇ ಕೊರೆದ ಟಾಕಿಗಳು. ಬಂಡೆಯ ಮೇಲೆ ಬಿದ್ದ ಮಳೆ ಅವಕ್ಕೆ ಇಳಿಯಲು ಸಣ್ಣ ಕಾಲುವೆಗಳು. ಶಾಸನಗಳಲ್ಲಿ ಈ ಟಾಕಿಗೆ ಪೋಢಿ ಎಂಬ ಹೆಸರಿದೆ. ಮುಂಬೈ ಹತ್ತಿರದ ಕಲ್ಯಾಣದಂಥ ಊರುಗಳ ವ್ಯಾಪಾರಿಗಳು ಗುಹೆ ದಾನ ಕೊಟ್ಟಾಗ ಪೋಢಿಯನ್ನೂ ಕೊಡುತ್ತಿದ್ದರು. ಚಾಳೆಂಬ ಮುಂಬೈ ವಠಾರದಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು, ನಲ್ಲಿ ಮುಂದೆ ಹಂಡೆ ಇಟ್ಟು ಬೆಳೆದವನು ನಾನು. ನಿಜ ಹೇಳಲಾ? ಹೊಟ್ಟೆಕಿಚ್ಚಾಯಿತು.

11ನೇ ಗುಹೆಗೆ ದರ್ಬಾರ್ ಎನ್ನುತ್ತಾರೆ. ಉದ್ದುದ್ದ ಕಲ್ಲಿನ ಬೆಂಚು, ಥೇಟ್ ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗ್ ಹಾಲ್. ಅಲ್ಲಿನ ಒಂದು ಶಾಸನ ಕ್ರಿ.ಶ. 853ರದು, ರಾಷ್ಟ್ರಕೂಟ ಅಮೋಘವರ್ಷನ ಕಾಲದ್ದು. ಅಂದರೆ ನಮ್ಮ ನೃಪತುಂಗ! ಭಿಕ್ಷುಗಳು ವಾಸಿಸುವ ವಿಹಾರದ ರಿಪೇರಿಗೆ, ಪುಸ್ತಕ ಕೊಳ್ಳಲು ದಾನ ಕೊಟ್ಟ ಲೆಕ್ಕ ಶಾಸನದಲ್ಲಿದೆ. ರಿಪೇರಿ ಫಂಡು ಆಗಲೂ ಇತ್ತು, ಸರಿ. ಪುಸ್ತಕಕ್ಕೆ ದುಡ್ಡು ತೆಗೆದಿಡುವ ಸೊಸೈಟಿ ನಾನಂತೂ ಕಂಡಿಲ್ಲ.

"ಮಳಖೇಡದ ರಾಜಾ ಅಲ್ಲೇನೋ? ನಮ್ಮ ತಾಲೂಕಿನವ!" ಮಾವ ಅಕ್ಕಪಕ್ಕದ ಮರಾಠಿಯವರಿಗೂ ಕನ್ನಡದಲ್ಲೇ ವಿವರಿಸಿದರು. ಅವರೂ ತಲೆಯಾಡಿಸಿದರು.

ಅಷ್ಟರಲ್ಲಿ ಮಳೆ ಹಿಡಿಯಿತು. ಜಗಲಿಯಲ್ಲಿ ನಿಂತೆವು. ಮೇಲಿನ ಬಂಡೆಯಿಂದ ನೀರು ಗೆರೆ ಹಿಡಿದಂತೆ ಕಾಲುವೆಗೆ ಇಳಿದು, ಟಾಕಿಯೊಳಗೆ ಗುಳುಗುಳು ಎಂದಿತು. ಮಾವ ಕುಕ್ಕರಗಾಲಲ್ಲಿ ಕೂತು ಕೈ ಒಡ್ಡಿದರು. "ಇನ್ನೂ ಹರೀತದ ನೋಡು."

ಅಂದ ಹಾಗೆ, ಸೋಮವಾರ ಗುಹೆಗಳಿಗೆ ರಜೆ. ಕೋತಿಗಳಿಗೆ ರಜೆ ಇಲ್ಲ. ಮಾವನ ಶೇಂಗಾ ಹೋಳಿಗೆ ಪೂರ್ತಿ ಅವೇ ತಿಂದವು.

ನಮಸ್ಕಾರ.