ಬಂದೂಕಿನ ಪಕ್ಕದಲ್ಲೊಂದು ಧ್ವನಿವರ್ಧಕ

ಶ್ರೋತೃಗಳಿಗೆ ನಮಸ್ಕಾರ.

ಹೊಸನಗರ ತಾಲ್ಲೂಕಿನ ನಗರವೆಂಬ ಊರು ಹಿಂದೆ ಬಿದನೂರಾಗಿತ್ತು. ಅಲ್ಲಿನ ಕೋಟೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಬ್ರಿಟಿಷ್ ಸೈನ್ಯ ಕರಾವಳಿಯಿಂದ ಹೊಸಂಗಡಿ ಘಾಟಿಯನ್ನು ಹತ್ತಿ ಬಂದಾಗ, ಇಲ್ಲಿನ ಆಡಳಿತ ನಡೆಸುತ್ತಿದ್ದ ಅಯಾಜ್ ಎಂಬ ಅಧಿಕಾರಿ ಹೋರಾಟಕ್ಕೆ ನಿಲ್ಲದೆ ಬಿದನೂರನ್ನು ಒಪ್ಪಿಸಿಬಿಟ್ಟ. ಅದಕ್ಕೆ ಸ್ವಲ್ಪವೇ ಮುಂಚೆ ಹೈದರ್ ಅಲಿ ತೀರಿಕೊಂಡಿದ್ದ. ಪಟ್ಟಕ್ಕೆ ಬಂದ ಟಿಪ್ಪುವಿಗೂ ಅಯಾಜನಿಗೂ ಹೊಂದಿಕೆಯಿರಲಿಲ್ಲ. ಅಯಾಜನನ್ನು ಮುಗಿಸಿಬಿಡಬೇಕೆಂಬ ಆಜ್ಞೆಯ ಪತ್ರವೊಂದು ಅವನ ಕೈಗೇ ಸಿಕ್ಕಿತೆಂದು ಬ್ರಿಟಿಷ್ ಇತಿಹಾಸಕಾರರು ಬರೆದಿದ್ದಾರೆ. ಕೆಲವೇ ತಿಂಗಳಲ್ಲಿ ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮ್ಯಾಥ್ಯೂಸನನ್ನೇ ಸೆರೆಹಿಡಿದನೆಂಬುದು ಬೇರೆ ಮಾತು. ಕೋಟೆಯೊಳಗಿನ ಅಧಿಕಾರಿಯ ಮನಸ್ಸಿನಲ್ಲಿ ಅಂದು ತಾನಾಗಿ ಆದ ತೀರ್ಮಾನವನ್ನು ಉದ್ದೇಶಪೂರ್ವಕವಾಗಿ ಉಂಟುಮಾಡುವುದಕ್ಕೆಂದೇ ಇಂದಿನ ಕೆಲವು ಸೇನೆಗಳು ಪ್ರತ್ಯೇಕ ಸೈನಿಕರನ್ನು ಇಟ್ಟುಕೊಂಡಿವೆ. ಮನೋವೈಜ್ಞಾನಿಕ ಕಾರ್ಯಾಚರಣೆ, ಚಿಕ್ಕದಾಗಿ ಸೈ-ಆಪ್ಸ್ ಎಂದು ಕರೆಯಲಾಗುವ ಈ ಕೆಲಸ ಪದಾತಿದಳದ ಮತ್ತು ವಿಶೇಷ ಪಡೆಗಳ ಜೊತೆಯಲ್ಲಿ ಹೇಗೆ ನಡೆಯುತ್ತದೆ ಎಂಬುದು ಇಂದಿನ ವಿಷಯ.

ಈ ವ್ಯವಸ್ಥೆ ಎಲ್ಲಕ್ಕಿಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದ ಭೂಸೇನೆಯಲ್ಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಅಲ್ಲಿ ನಾಲ್ಕನೆಯ ಸೈ-ಆಪ್ಸ್ ಗುಂಪು ಹುಟ್ಟಿತು. 2006ರಲ್ಲಿ ಇದಕ್ಕೆ ಸೇನೆಯ ಪ್ರತ್ಯೇಕ ಶಾಖೆಯ ಸ್ಥಾನ ದೊರೆಯಿತು. ಸ್ಥೂಲವಾಗಿ ಹೇಳುವುದಾದರೆ, ಪೂರ್ಣಾವಧಿಯ ಸೈ-ಆಪ್ಸ್ ಸೈನಿಕರು ಹೆಚ್ಚಾಗಿ ವಿಶೇಷ ಪಡೆಗಳ ಜೊತೆಗೂ ಮೀಸಲು ಪಡೆಯವರು ಹೆಚ್ಚಾಗಿ ಸಾಮಾನ್ಯ ಪದಾತಿದಳದ ಜೊತೆಗೂ ಕೆಲಸ ಮಾಡುತ್ತಾರೆ. ಮುಂಚೂಣಿಗೆ ಹೋಗುವ ತಂಡ ತೀರ ಚಿಕ್ಕದು: ಮೂರೋ ನಾಲ್ಕೋ ಮಂದಿ, ಒಬ್ಬ ದುಭಾಷಿ, ವಾಹನದ ಮೇಲೆ ಅಥವಾ ಬೆನ್ನಿನ ಮೇಲೆ ಒಂದು ಧ್ವನಿವರ್ಧಕ.

ನೂರಕ್ಕೂ ಹೆಚ್ಚು ಬಂದೂಕುಗಳಿರುವ ಪದಾತಿ ಕಂಪನಿಯೊಂದರ, ಅಂದರೆ ಸೇನಾ ತುಕಡಿಯೊಂದರ, ನಡುವೆ ಈ ನಾಲ್ವರು ಏನು ಮಾಡುತ್ತಾರೆ? ಒಂದು ಕಟ್ಟಡವನ್ನು ಪದಾತಿಗಳು ಸುತ್ತುವರಿದಿದ್ದಾರೆ ಎಂದು ಇಟ್ಟುಕೊಳ್ಳಿ. ಒಳಗೆ ಹತ್ತಾರು ಶಸ್ತ್ರಧಾರಿಗಳಿದ್ದಾರೆ. ನುಗ್ಗಿದರೆ ಎರಡೂ ಕಡೆ ಹೆಣ ಬೀಳುತ್ತವೆ. ಆಗ ಸೈ-ಆಪ್ಸ್ ಸಾರ್ಜೆಂಟ್ ಕಂಪನಿ ಕಮಾಂಡರನಿಂದ ಕಾಲಾವಕಾಶ ಕೇಳುತ್ತಾನೆ. ಹತ್ತು ನಿಮಿಷ ಸಿಕ್ಕಿತೆನ್ನಿ. ಧ್ವನಿವರ್ಧಕದಲ್ಲಿ ಬರುವ ಮಾತು ಭಾಷಣದಂತಿರುವುದಿಲ್ಲ, ಬರೀ ಸೂಚನೆಗಳಿರುತ್ತವೆ: ನೀವು ಸುತ್ತುವರಿಯಲ್ಪಟ್ಟಿದ್ದೀರಿ, ಆಯುಧವನ್ನು ಒಳಗೇ ಬಿಡಿ, ಪೂರ್ವದ ಬಾಗಿಲಿನಿಂದ ಒಬ್ಬೊಬ್ಬರಾಗಿ ಕೈ ಮೇಲೆತ್ತಿ ಬನ್ನಿ, ಗಾಯಗೊಂಡವರಿಗೆ ಚಿಕಿತ್ಸೆ ಸಿಗುತ್ತದೆ. ವಾಕ್ಯಗಳು ಚಿಕ್ಕವು, ಮತ್ತೆ ಮತ್ತೆ ಹೇಳುವಂಥವು. ಕೂಗಿ ಹೇಳಿದಷ್ಟು ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪೂರ್ವದ ಬಾಗಿಲಿನ ಎದುರು ಮಲಗಿರುವ ಪ್ರತಿಯೊಬ್ಬ ಪದಾತಿಗೂ ಈ ಹತ್ತು ನಿಮಿಷ ಗುಂಡು ಹಾರಿಸಬಾರದೆಂಬ ಆಜ್ಞೆ ಮುಟ್ಟಿರಬೇಕು. ಕೈಯೆತ್ತಿ ಬಂದ ಮೊದಲನೆಯವನಿಗೆ ಗುಂಡು ಬಿದ್ದರೆ ಎರಡನೆಯವನು ಹೊರಬರುವುದಿಲ್ಲ. ಆದ್ದರಿಂದಲೇ ಸೈ-ಆಪ್ಸ್ ಸಾರ್ಜೆಂಟನ ಜಾಗ ಕಾರ್ಯಾಚರಣೆಯ ಆಜ್ಞೆ ಕೊಡುವ ಸಭೆಯಲ್ಲಿರಬೇಕು. ಎಲ್ಲ ಮುಗಿದ ಮೇಲೆ ಅವನನ್ನು ಕರೆಸುವ ಕಮಾಂಡರನಿಗೆ ಅವನಿಂದ ಹೆಚ್ಚಿನ ಪ್ರಯೋಜನವಾಗದು.

ಯಾರ ಧ್ವನಿ ಎಂಬುದೂ ಮುಖ್ಯ. ಮಲೆನಾಡಿನಲ್ಲಿ ಯಕ್ಷಗಾನದ ಮೇಳ ಬಂದಾಗ ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರುವವನ ಮಾತಿನ ಧಾಟಿ ಕೇಳಿದೊಡನೆ ಅವನು ಈ ಕಡೆಯವನೋ ಘಟ್ಟದ ಕೆಳಗಿನವನೋ ಎಂದು ನಮಗೆ ತಿಳಿದುಬಿಡುತ್ತದೆ. ಮುತ್ತಿಗೆಯೊಳಗೆ ಸಿಕ್ಕಿಬಿದ್ದವನ ಕಿವಿ ಇನ್ನೂ ಚುರುಕು. ಪುಸ್ತಕದ ಭಾಷೆಯಲ್ಲಿ, ಪರಊರಿನ ಉಚ್ಚಾರಣೆಯಲ್ಲಿ ಬಂದ ಅಭಯವನ್ನು ಅವನು ನಂಬುವುದು ಕಷ್ಟ. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಗೂಸ್ ಗ್ರೀನ್ ಎಂಬಲ್ಲಿ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳನ್ನು ನಡೆಸುತ್ತಿದ್ದ ಮೇಜರ್ ಕ್ರಿಸ್ ಕೀಬಲ್, ಶರಣಾಗತಿಯ ಷರತ್ತುಗಳನ್ನು ಬರೆದು, ಸೆರೆಸಿಕ್ಕ ಇಬ್ಬರು ಅರ್ಜೆಂಟೀನಾ ಸೈನಿಕರ ಕೈಯಲ್ಲೇ ಅವರ ಕಡೆಗೆ ಕಳುಹಿಸಿದ. ಅಲ್ಲಿನ ಪಡೆ ಶರಣಾಯಿತು. ನಮ್ಮ ಕಡೆಯದೇ ಬೇರೊಂದು ಬಗೆಯ ಉದಾಹರಣೆ ಹೇಳುವುದಾದರೆ, 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದಾಗಲೂ ನಡುವೆ ನಿಂತು ಮಾತಾಡಿದವರು ನಾಗರಿಕ ಸಮಾಜದವರು. ಅದು ಸೇನೆಯ ಕೆಲಸವಲ್ಲ, ಸೈ-ಆಪ್ಸ್ ಕೂಡ ಅಲ್ಲ. ಆದರೆ ಮಾತು ತಂದವನ ಮೇಲಿನ ನಂಬಿಕೆಯ ಲೆಕ್ಕ ಎರಡೂ ಕಡೆ ಒಂದೇ.

ವಿಶೇಷ ಪಡೆಗಳ ಜೊತೆಗಿನ ಕೆಲಸದ ವೇಗವೇ ಬೇರೆ. ಪದಾತಿ ಕಂಪನಿಗೆ ನಿಮಿಷಗಳ ಲೆಕ್ಕವಾದರೆ ಇಲ್ಲಿ ತಿಂಗಳುಗಳ ಲೆಕ್ಕ. ಅಫ್ಘಾನಿಸ್ತಾನದಲ್ಲಿ ದೂರದ ಹಳ್ಳಿಗಳ ಪಕ್ಕ ಬೀಡುಬಿಟ್ಟ ಪಡೆಗಳು ಪೆಟ್ಟಿಗೆಯೊಂದರಲ್ಲಿ ಹಿಡಿಯುವಷ್ಟು ಸಣ್ಣ ರೇಡಿಯೋ ಕೇಂದ್ರಗಳನ್ನು ನಡೆಸಿದವು. ಉದ್ಘೋಷಕರು ಸ್ಥಳೀಯರೇ. ವಿದ್ಯುತ್ತಿಲ್ಲದ ಮನೆಗಳಿಗೆ ಕೈಯಿಂದ ತಿರುಗಿಸಿ ನಡೆಸುವ ರೇಡಿಯೋಗಳನ್ನು ಹಂಚಲಾಯಿತು. ರೇಡಿಯೋದಲ್ಲಿ ಮಾತಾಡುತ್ತಿರುವ ನನಗೆ ಈ ಸಂಗತಿ ಸ್ವಲ್ಪ ಹೆಚ್ಚೇ ಆಸಕ್ತಿಯದೆಂದು ಒಪ್ಪಿಕೊಳ್ಳುತ್ತೇನೆ. ಇನ್ನೊಂದು ವಿಧಾನ ಇದಕ್ಕೆ ತೀರ ವಿರುದ್ಧವಾದ ಅವಸರದ್ದು. 1989ರ ಡಿಸೆಂಬರಿನಲ್ಲಿ ಪನಾಮಾದ ಮೇಲೆ ಅಮೆರಿಕದ ದಾಳಿ ನಡೆದಾಗ, ಸ್ಪ್ಯಾನಿಷ್ ಬಲ್ಲ ವಿಶೇಷ ಪಡೆಯ ಯೋಧರು ಸಣ್ಣ ಊರುಗಳ ಠಾಣೆಗಳಿಗೆ ಸೀದಾ ಟೆಲಿಫೋನ್ ಮಾಡಿ ಆಯುಧ ಕೆಳಗಿಡುವಂತೆ ಕಮಾಂಡರುಗಳಿಗೆ ಹೇಳಿದರು. ಫಿರಂಗಿ ಹೊತ್ತ ವಿಮಾನ ತಲೆಯ ಮೇಲೆ ಸುತ್ತುತ್ತಿತ್ತು. ಪದಾತಿಗಳು ಸಮೀಪದಲ್ಲೇ ಕಾದಿದ್ದರು. ಹಲವು ಠಾಣೆಗಳು ಗುಂಡಿಲ್ಲದೆ ಕೈಗೆ ಬಂದವು. ವಿಮಾನವಿಲ್ಲದ ಬರಿಯ ಟೆಲಿಫೋನ್ ಕರೆಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಟೆಲಿಫೋನಿಲ್ಲದೆ ವಿಮಾನವೊಂದೇ ಇದ್ದಿದ್ದರೆ ಠಾಣೆಗಳು ಬೂದಿಯಾಗುತ್ತಿದ್ದವು.

ನಮ್ಮ ದೇಶದ ನೆನಪಿನಲ್ಲಿ ಇದಕ್ಕೆ ಸಮನಾದದ್ದು 1971. ಢಾಕಾದತ್ತ ಭಾರತದ ಸೇನೆ ನುಗ್ಗುತ್ತಿದ್ದಾಗ ಜನರಲ್ ಮಾಣೆಕ್ ಷಾ ಅವರ ಸಂದೇಶಗಳು ಇದೇ ಆಕಾಶವಾಣಿಯಿಂದ ಪ್ರಸಾರವಾದವು, ಕರಪತ್ರಗಳಾಗಿ ಆಕಾಶದಿಂದಲೂ ಉದುರಿದವು. ಶರಣಾದವರನ್ನು ಜಿನೀವಾ ಒಪ್ಪಂದದಂತೆ ನಡೆಸಿಕೊಳ್ಳುತ್ತೇವೆ ಎಂಬ ಭರವಸೆ ಅವುಗಳಲ್ಲಿತ್ತು. ಡಿಸೆಂಬರ್ 11ರಂದು ತಂಗೈಲ್‌ನಲ್ಲಿ ಪ್ಯಾರಾಶೂಟಿನಿಂದ ಇಳಿದದ್ದು ಒಂದು ಬೆಟಾಲಿಯನ್ ಗುಂಪು. ಪತ್ರಿಕೆಗಳಲ್ಲಿ ಅದು ಹಲವು ಬೆಟಾಲಿಯನ್‌ಗಳ ಇಡೀ ಬ್ರಿಗೇಡ್ ಆಗಿ ಸುದ್ದಿಯಾಯಿತು. ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ವಾಯುದಾಳಿಯಾಯಿತು. 16ರಂದು ಅಲ್ಲಿನ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಕರಪತ್ರ, ಸುದ್ದಿ, ಬಾಂಬು, ಇವುಗಳಲ್ಲಿ ಯಾವುದು ಅವರ ಕೈಗೆ ಲೇಖನಿ ಕೊಟ್ಟಿತೆಂದು ಬಿಡಿಸಿ ಹೇಳಲಾಗದು. ಹಾಗೆ ಬಿಡಿಸಲಾಗದಷ್ಟು ಹೆಣೆದುಕೊಂಡಿದ್ದವು ಎಂಬುದೇ ನನ್ನ ದೃಷ್ಟಿಯಲ್ಲಿ ಅದರ ಹೆಚ್ಚುಗಾರಿಕೆ.

ಹೆಣಿಗೆ ತಪ್ಪಿದ ಕಥೆಗಳೂ ಇವೆ. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ವಿಮಾನಗಳಿಂದ ಬೀಳಿಸಿದ ಆಹಾರದ ಪೊಟ್ಟಣವೂ ಸಿಡಿಯದೆ ಉಳಿದ ಗೊಂಚಲು ಬಾಂಬಿನ (ಕ್ಲಸ್ಟರ್ ಬಾಂಬಿನ) ಮರಿಯೂ ಒಂದೇ ಹಳದಿ ಬಣ್ಣದಲ್ಲಿದ್ದವು. ಎರಡರ ವ್ಯತ್ಯಾಸವನ್ನು ರೇಡಿಯೋದಲ್ಲಿ ವಿವರಿಸಿ ಜನರನ್ನು ಎಚ್ಚರಿಸಬೇಕಾಯಿತು; ಕೊನೆಗೆ ಪೊಟ್ಟಣದ ಬಣ್ಣ ಬದಲಿಸುವ ತೀರ್ಮಾನವಾಯಿತು. ಅದಕ್ಕಿಂತ ಕೆಟ್ಟದ್ದು 2005ರ ಅಕ್ಟೋಬರಿನಲ್ಲಿ ಕಂದಹಾರ್ ಪ್ರಾಂತ್ಯದಲ್ಲಿ ನಡೆಯಿತು. ಅಮೆರಿಕದ ಪದಾತಿಗಳು ಇಬ್ಬರು ತಾಲಿಬಾನ್ ಹೋರಾಟಗಾರರ ಶವಗಳನ್ನು ಸುಟ್ಟರು. ಜೊತೆಗಿದ್ದ ಸೈ-ಆಪ್ಸ್ ತಂಡ ಅದನ್ನೇ ಧ್ವನಿವರ್ಧಕದಲ್ಲಿ ಸಾರಿ, ಎದುರಾಳಿಗಳು ಹೇಡಿಗಳೆಂದು ಹೀಯಾಳಿಸಿತು. ಮುಸ್ಲಿಮರಲ್ಲಿ ಶವ ಸುಡುವುದು ಎಂಥ ಅಪಚಾರವೆಂದು ಆ ನಾಡನ್ನು ಬಲ್ಲ ಯಾರಿಗೂ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ದೂರದರ್ಶನ ಆ ದೃಶ್ಯವನ್ನು ತೋರಿಸಿತು, ವಿಚಾರಣೆ ನಡೆಯಿತು. ಕಂಪನಿಯಲ್ಲಿ ಹಳ್ಳಿಯ ಮನಸ್ಸನ್ನು ಓದಿ, ಇದು ಬೇಡ ಎಂದು ಕಮಾಂಡರನಿಗೆ ಹೇಳಬೇಕಾದವರೇ ಅಂದು ಮೈಕು ಹಿಡಿದಿದ್ದರು. ಇದು ನನಗೆ ಬರಿಯ ಅವಿವೇಕವೆಂದು ತೋರುವುದಿಲ್ಲ, ಕೆಲಸಕ್ಕೆ ಬಗೆದ ದ್ರೋಹವೆಂದೇ ತೋರುತ್ತದೆ.

ಕಾನೂನು ಕೂಡ ಇಲ್ಲೊಂದು ಗೆರೆ ಎಳೆದಿದೆ. ಶತ್ರುವನ್ನು ದಾರಿತಪ್ಪಿಸುವ ಯುದ್ಧತಂತ್ರಕ್ಕೆ ಅಡ್ಡಿಯಿಲ್ಲ. ಆದರೆ ಕಾನೂನಿನ ರಕ್ಷಣೆಯಿದೆ ಎಂದು ಎದುರಾಳಿಯನ್ನು ನಂಬಿಸಿ, ಆ ನಂಬಿಕೆಯನ್ನೇ ಬಳಸಿಕೊಂಡು ಕೊಲ್ಲುವುದನ್ನು 1977ರ ಜಿನೀವಾ ಪೂರಕ ಒಡಂಬಡಿಕೆಯ 37ನೆಯ ವಿಧಿ ನಿಷೇಧಿಸುತ್ತದೆ.

1991ರ ಕೊಲ್ಲಿ ಯುದ್ಧದಲ್ಲಿ ಇರಾಕಿ ಪಡೆಗಳ ಮೇಲೆ ಸುಮಾರು 2.9 ಕೋಟಿ ಕರಪತ್ರಗಳು ಉದುರಿದವು. ಕೆಲವು ಕರಪತ್ರಗಳು ಇಂಥ ಪಡೆಯ ಮೇಲೆ ನಾಳೆ ಬಾಂಬು ಬೀಳುತ್ತದೆ ಎಂದು ಹೆಸರು ಹಿಡಿದು ಎಚ್ಚರಿಸಿದವು, ಮತ್ತು ಬಾಂಬು ಬಿದ್ದಿತು. ಅನಂತರ ಬಂದ ಕರಪತ್ರವನ್ನು ಸೈನಿಕರು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಶರಣಾದವರಲ್ಲಿ ಅನೇಕರ ಕೈಯಲ್ಲಿ ಅದೇ ಹಾಳೆಯಿತ್ತು. ಸೆರೆಯಾಳುಗಳನ್ನು ಪದಾತಿಗಳು ಹಿಂದಕ್ಕೆ ಸಾಗಿಸಿದ ಮೇಲೆ ಸೈ-ಆಪ್ಸ್‌ನವರ ಇನ್ನೊಂದು ಸರದಿ ಶುರುವಾಗುತ್ತದೆ. ಧ್ವನಿವರ್ಧಕ ನಿಮಗೆ ಕೇಳಿಸಿತೇ, ಕರಪತ್ರದ ಚಿತ್ರ ಅರ್ಥವಾಯಿತೇ, ಹೊರಬರುವುದಕ್ಕೆ ನಿಮ್ಮನ್ನು ತಡೆದವರು ಯಾರು, ಇಲ್ಲಿಗೆ ಬಂದ ಮೇಲೆ ನೀರು ಕೊಟ್ಟರೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಬಂದ ಉತ್ತರಗಳನ್ನು ನೋಡಿಕೊಂಡು ಮರುದಿನದ ಕರಪತ್ರವನ್ನು ತಿದ್ದುತ್ತಾರೆ. ನೀರು ಕೊಡಲಿಲ್ಲ ಎಂಬ ಉತ್ತರ ಬಂದರೆ, ಕರಪತ್ರ ತಿದ್ದುವ ಮೊದಲು ಕಂಪನಿ ಕಮಾಂಡರನ ಬಳಿಗೆ ಹೋಗುತ್ತಾರೆ.

ನಮಸ್ಕಾರ.