ಗೇಮ್ ತಡವರಿಸಿದ್ರ ಮೊದಲ ಗ್ರಾಫಿಕ್ಸ್ ಕಾರ್ಡಿಗೆ ಕೈ ಹಾಕಬ್ಯಾಡ್ರಿ

ನಮಸ್ಕಾರ್ರಿ. ಗೇಮ್ ಲ್ಯಾಗ್ ಹೊಡೀತು ಅಂದಕೂಡ್ಲೆ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗೂರು ಕೇಳೂದು ಒಂದ ಪ್ರಶ್ನೆ: "ಯಾವ ಗ್ರಾಫಿಕ್ಸ್ ಕಾರ್ಡ್ ತಗೋಬೇಕ್ರಿ?" ತಡೀರಿ. ರೊಕ್ಕ ಬಿಚ್ಚೂ ಮೊದಲ ಜಡ್ಡು ಯಾವುದು ನೋಡ್ರಿ.

ವೈರಿಗೆ ಗುಂಡು ಹೊಡದ ಮ್ಯಾಲೆ ಅಂವಾ ಒಂದು ಕ್ಷಣ ಬಿಟ್ಟು ಬೀಳ್ತಾನ, ಚಿತ್ರ ಮಾತ್ರ ನುಣ್ಣಗ ಓಡ್ತೈತಿ ಅಂದ್ರ ಅದು ನೆಟ್ಟಿನ ಜಡ್ಡು. ಕಮಾಂಡ್ ಪ್ರಾಂಪ್ಟ್ ತಗದು ನಿಮ್ಮ ರೌಟರ್‌ಗೇ ಪಿಂಗ್ ಹಚ್ರಿ, ಅಂದ್ರ ಸಂದೇಶ ಹೋಗಿ ಬರೂ ಹೊತ್ತು ಅಳೀರಿ. 2 ಮಿಲಿಸೆಕೆಂಡ್ ಇದ್ದದ್ದು ನಡುನಡುವ 80ಕ್ಕ ಹಾರಿದ್ರ ನೆಟ್ ಕೊಟ್ಟಾವ್ರಿಗೆ ಬೈಯೂದು ಬ್ಯಾಡ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕ್ರಿ.

ಚಿತ್ರನ ತಡವರಿಸ್ತೈತಿ ಅಂದ್ರ ಎಂಎಸ್‌ಐ ಆಫ್ಟರ್‌ಬರ್ನರ್, ಅದರ ಜೋಡಿ ಬರೂ ರಿವಾಟ್ಯೂನರ್ ಹಾಕ್ಕೊಳ್ರಿ; ಆಡೂ ಮುಂದ ಅಂಕಿ ಪರದೆ ಮ್ಯಾಲೆ ತೋರಿಸೂ ಸಾಫ್ಟ್‌ವೇರ್ ಇವು. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದ್ರ ಚಿತ್ರ) ಒಂದನ್ನ ನಂಬಬ್ಯಾಡ್ರಿ, ಒಂದೊಂದು ಫ್ರೇಮಿಗೆ ಹಿಡಿಯೂ ಹೊತ್ತು ತೋರಿಸೂ ಫ್ರೇಮ್‌ಟೈಮ್ ಗೆರಿ ನೋಡ್ರಿ. 60 ಎಫ್‌ಪಿಎಸ್ ಅಂದ್ರ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ನಡುವ ಒಂದ ಒಂದು ಫ್ರೇಮ್ 80 ತಗೊಂಡ್ರ ಕಣ್ಣಿಗೆ ಗಕ್ಕನ ಜಗ್ಗಿದಂಗ ಆಗ್ತೈತಿ. ಕೌಂಟರ್ ಮಾತ್ರ 56 ಅಂತ ತೋರಿಸ್ಕೋತ ಏನೂ ಆಗಿಲ್ಲದಾಂಗ ಕುಂತಿರ್ತೈತಿ.

ಈಗ ಎಫ್‌ಪಿಎಸ್ ಕಟ್ಟಿಹಾಕೂ ವಿ-ಸಿಂಕ್, ಫ್ರೇಮ್ ಲಿಮಿಟ್ ಎರಡೂ ಆಫ್ ಮಾಡಿ ಜಿಪಿಯು (ಕಾರ್ಡಿನ ಚಿಪ್) ಬಳಕೆ ನೋಡ್ರಿ. 97-98 ಪರ್ಸೆಂಟ್ ಇದ್ರ ಕಾರ್ಡು ತನ್ನ ಕೈಲಾದಷ್ಟು ದುಡೀತೈತಿ. 60ರ ಸುತ್ತಮುತ್ತ ಇದ್ದು ಗೇಮ್ ತಡವರಿಸಿದ್ರ ಕಾರ್ಡು ಖಾಲಿ ಕುಂತೈತಿ, ಸಿಪಿಯು ಇಲ್ಲಾ ರ‍್ಯಾಮ್ ಅದಕ್ಕ ಕೆಲಸ ಕೊಡವಲ್ದು.

ನನ್ನ ಸಿಟ್ಟು ಇರೂದು ಇಲ್ಲೆ. "ಈಗ 16 ಜಿಬಿದು ಒಂದ ರ‍್ಯಾಮ್ ಸ್ಟಿಕ್ ಹಾಕಸ್ರಿ, ಮುಂದ ಇನ್ನೊಂದು ಹಾಕಸಿದ್ರಾತು" ಅಂತಾರಲ್ಲ, ಆ ಮುಂದ ಬರೂದ ಇಲ್ಲ. ಡಿಡಿಆರ್4 ರ‍್ಯಾಮಿನ 3200 ಸ್ಪೀಡಿನ ಒಂದ ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಸ್ತೈತಿ, ಎರಡಿದ್ರ 51.2. ಗ್ರಾಫಿಕ್ಸ್ ಒಳಗ ಇರೂ ರೈಜನ್ 5600ಜಿ ಸಿಪಿಯು ಮ್ಯಾಲೆ ಕಾರ್ಡ್ ಇಲ್ಲದ ಆಡಾವ್ರಿಗಂತೂ ರ‍್ಯಾಮೇ ವಿಡಿಯೋ ಮೆಮೊರಿ, ಒಂದ ಸ್ಟಿಕ್ ಅಂದ್ರ ಅರ್ಧ ಜೀವ. 8 ಜಿಬಿದು ಎರಡು ತಗೊಳ್ರಿ. ಬೋರ್ಡಿನ್ಯಾಗ ನಾಕು ಸ್ಲಾಟ್ ಇದ್ರ ಸಿಪಿಯು ಕಡಿಂದ ಎಣಿಸಿ ಎರಡನೇದು, ನಾಕನೇದಕ್ಕ ಹಾಕ್ರಿ. ಒಂದನೇದು, ಎರಡನೇದಕ್ಕ ಬಾಜೂಬಾಜೂಕ ಹಾಕಿದ್ರ ಜೋಡಿ ಕೂಡೂದಿಲ್ಲ. ಆಮ್ಯಾಲೆ ಬಯೋಸಿನ್ಯಾಗ (ಪಿಸಿ ಶುರುವಾಗೂ ಮುಂದ ತಗಿಯೂ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದ್ರ ರ‍್ಯಾಮ್ ಪೂರಾ ಸ್ಪೀಡಿಗೆ ಓಡಸೂ ಸೆಟ್ಟಿಂಗ್, ಆನ್ ಮಾಡ್ರಿ. ಇಲ್ಲಂದ್ರ 3200ಕ್ಕ ರೊಕ್ಕ ಕೊಟ್ಟು 2133ಕ್ಕೋ 2400ಕ್ಕೋ ಓಡಸ್ತೀರಿ. ಟಾಸ್ಕ್ ಮ್ಯಾನೇಜರ್‌ನ್ಯಾಗ ಮೆಮೊರಿ ಪುಟದಾಗ ಸ್ಪೀಡ್ ಕಾಣ್ತೈತಿ, ಈ ವಿಡಿಯೋ ನಿಂದರಿಸಿ ಈಗ ನೋಡ್ರಿ.

ಹತ್ತು ನಿಮಿಷ ಚಂದ ಓಡಿ ಆಮ್ಯಾಲೆ ಕುಸದ್ರ ಅದು ಕಾವು. ಏಪ್ರಿಲ್-ಮೇ ಬಿಸಲಿಗೆ ನಮ್ಮ ತಗಡಿನ ಮಾಳಗಿ ಕ್ವಾಣಿ ಹೆಂಗ ಕಾಯ್ತಾವ ಅಂತ ನಿಮಗ ಹೇಳಬೇಕೇನು? ಮುಂದ ಪೂರಾ ಗಾಜು ಹೊದ್ದ ಕ್ಯಾಬಿನೆಟ್ ಚಂದಕ್ಕಷ್ಟ, ಗಾಳಿಗಲ್ಲ. ಬಾಜೂ ಬಾಗಲಾ ತಗದು ಹತ್ತು ನಿಮಿಷ ಆಡ್ರಿ. ಉಷ್ಣ 8-10 ಡಿಗ್ರಿ ಇಳದ್ರ ಕೂಲರ್ ಬದಲಿಸೂದು ಬ್ಯಾಡ, ಗಾಳಿಗೆ ದಾರಿ ಮಾಡ್ರಿ. ಧೂಳ ಊದೂ ಮುಂದ ಫ್ಯಾನ್ ರೆಕ್ಕಿ ಬಟ್ಟಿಲೆ ಒತ್ತಿ ಹಿಡೀರಿ, ಬಿಟ್ರ ಬ್ಲೋವರ್ ಗಾಳಿಗೆ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಹೋಗ್ತೈತಿ.

ಹೊಸಾ ಜಾಗಾಕ್ಕ ಹೊಕ್ಕಾಗಷ್ಟ ಜಗ್ಗಿ, ಎರಡನೇ ಸಲ ಸುಮ್ಮನಾದ್ರ ಅದು ಶೇಡರ್ (ಚಿತ್ರ ಬಿಡಿಸಾಕ ಕಾರ್ಡ್ ಓಡಸೂ ಸಣ್ಣ ಪ್ರೋಗ್ರಾಂ) ತಯಾರಾಗೂದು. ಕಾರ್ಡಿನ ಹೊಸಾ ಡ್ರೈವರ್ (ಕಾರ್ಡ್ ನಡಸೂ ಸಾಫ್ಟ್‌ವೇರ್) ಹಾಕಿದ ಮ್ಯಾಲೆ ಮತ್ತ ಬರ್ತೈತಿ, ಹೆದರಬ್ಯಾಡ್ರಿ. ವಿಡಿಯೋ ಮೆಮೊರಿ ತುಂಬಿ ತುಳುಕಿದ್ರ ಟೆಕ್ಸ್ಚರ್ ಒಂದು ಮೆಟ್ಟಲ ಇಳಸ್ರಿ.

ಇಷ್ಟೆಲ್ಲಾ ಸರಿ ಇದ್ದೂ ಜಿಪಿಯು 98ರಾಗ ಕುಂತು ಎಫ್‌ಪಿಎಸ್ ಸಾಲವಲ್ದು ಅಂದ್ರ ಹೋಗ್ರಿ ಅಂಗಡಿಗೆ. ಹೋಗೂ ಮುಂದ ನಿಮ್ಮ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೂ ಡಬ್ಬಿ) ಮ್ಯಾಲಿನ ಚೀಟಿದೊಂದು ಫೋಟೋ ಹೊಡಕೊಂಡು ಹೋಗ್ರಿ. ಆರ್‌ಟಿಎಕ್ಸ್ 3060 ಕಾರ್ಡಿಗೆ ಅದರ ಕಂಪನಿ ಎನ್‌ವಿಡಿಯಾ ಹೇಳಿದ್ದು 550 ವ್ಯಾಟಿನ ಎಸ್‌ಎಂಪಿಎಸ್.