ಕೊರಳಿಗೆ ಜಾಗ ಬಿಡಿ

ಕೇಳುಗರಿಗೆ ನಮಸ್ಕಾರ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮನೆಯ ಒಂದು ಕೋಣೆಯಲ್ಲೇ ಲ್ಯಾಪ್‌ಟಾಪ್, ಹೆಡ್‌ಫೋನ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಂಗೀತ ಕಟ್ಟುವವರಿಗಾಗಿ ಇವತ್ತಿನ ಮಾತು. ಮಾತಿಲ್ಲದ ಆರು ನಿಮಿಷದ ಟ್ರ್ಯಾಕ್ ಬಿಟ್ಟು ಎಲ್ಲರೂ ಗುನುಗುವ ಪಾಪ್ ಹಾಡಿಗೆ ಹೊರಳುವಾಗ ಬಹಳ ಮಂದಿ ಸಿದ್ಧ ಟ್ರ್ಯಾಕಿನ ಮೇಲೆ ಹಾಡು ತಂದು ಅಂಟಿಸುತ್ತಾರೆ. ಅದು ಕೂರುವುದಿಲ್ಲ. ಪಾಪ್ ಹಾಡಿನಲ್ಲಿ ಯಜಮಾನಿಕೆ ಕೊರಳಿನದು.

ಶ್ರುತಿಯಿಂದಲೇ ಶುರು ಮಾಡಿ. ಬೇಸ್ ಚೆನ್ನಾಗಿ ಗುದ್ದಲಿ ಎಂದು ಡ್ಯಾನ್ಸ್ ಟ್ರ್ಯಾಕಿಗೆ ಎಫ್ ಹಿಡಿಯುವುದುಂಟು, ಅಂದರೆ ಪೇಟಿಯ ಬಿಳಿ 4. ತಗ್ಗಿನ ಎಫ್ ಸುಮಾರು 44 ಹರ್ಟ್ಸ್, ದೊಡ್ಡ ಸ್ಪೀಕರಿಗೆ ಹೇಳಿ ಮಾಡಿಸಿದ್ದು. ಆದರೆ ಹಾಡುವವರ ಕೊರಳು ಕಪ್ಪು 2ರಲ್ಲಿ ಅರಳುವುದಾದರೆ ಹಾಡು ಅಲ್ಲಿಗೇ ಹೋಗಬೇಕು. ಆಗ ಬೇಸ್ 39 ಹರ್ಟ್ಸ್‌ಗೆ ಇಳಿದು ಮಂಕಾಗುತ್ತದೆ. ಒಂದು ಸಪ್ತಕ ಮೇಲೆತ್ತಿ 78ಕ್ಕೆ ತನ್ನಿ, ತುಸು ಸ್ಯಾಚುರೇಶನ್, ಅಂದರೆ ಉಪಸ್ವರಗಳನ್ನು ಹೆಚ್ಚಿಸುವ ಹದವಾದ ಒಡಕು, ಹಾಕಿ. ಮೊಬೈಲಿನ ಸ್ಪೀಕರ್ ಮೂಲಸ್ವರ ನುಡಿಸದಿದ್ದರೂ ಉಪಸ್ವರಗಳಿಂದ ಕಿವಿ ಬೇಸನ್ನು ಗುರುತು ಹಿಡಿಯುತ್ತದೆ.

ಕೊರಳು ಮೊದಲ 15 ಸೆಕೆಂಡಿನೊಳಗೆ ಬರಲಿ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ, ಯಾರಾದರೂ 30 ಸೆಕೆಂಡ್ ಕೇಳಿದ ಮೇಲೆಯೇ ಹಾಡನ್ನು ಒಂದು ಸಲ ಕೇಳಿದಂತೆ ಲೆಕ್ಕಕ್ಕೆ ಹಿಡಿಯುವುದು.

ಪದ ಕೂರಿಸುವಾಗ ಹ್ರಸ್ವ, ದೀರ್ಘ ನೋಡಿಕೊಳ್ಳಿ. ‘ಬಳೆ’ಯ ಮೊದಲಕ್ಷರವನ್ನು ಎರಡು ಬೀಟ್ ಎಳೆದರೆ ಕೇಳುವವರಿಗೆ ‘ಬಾಳೆ’ ಆಗುತ್ತದೆ. ಎಳೆತವನ್ನು ‘ಳೆ’ಗೆ ಸಾಗಿಸಿ, ಇಲ್ಲವೆ ಪದವನ್ನೇ ಬದಲಿಸಿ. ಟ್ಯೂನಿಗಾಗಿ ಕನ್ನಡವನ್ನು ಮುರಿಯುವುದು ಬೇಡ.

ರೆಕಾರ್ಡಿಂಗಿಗೆ ಎರಡು ದಪ್ಪ ಕೌದಿ ಸಾಕು. ಅವನ್ನು ಮೈಕಿನ ಹಿಂದೆ ಕಟ್ಟುವವರೇ ಹೆಚ್ಚು. ಕಟ್ಟಬೇಕಾದದ್ದು ಹಾಡುವವರ ಬೆನ್ನ ಹಿಂದೆ. ಕಾರ್ಡಿಯಾಯ್ಡ್ ಮೈಕ್ ತನ್ನ ಎದುರಿನದನ್ನು ಕೇಳಿಸಿಕೊಳ್ಳುತ್ತದೆ, ಎದುರಿಗಿರುವುದು ಹಾಡುವವರ ಬೆನ್ನ ಹಿಂದಿನ ಗೋಡೆ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಲಿ, ಫ್ಯಾನ್ ಬಂದ್ ಆಗಿರಲಿ.

ಇನ್ನು ರಿವರ್ಬ್, ಅಂದರೆ ದನಿ ನಿಂತ ಮೇಲೂ ಉಳಿಯುವ ಅನುರಣನ. ಎಲೆಕ್ಟ್ರಾನಿಕ್ ಕಡೆಯಿಂದ ಬಂದವರ ಹಾಡು ಹೆಚ್ಚಾಗಿ ಕೆಡುವುದು ಇಲ್ಲೇ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರಳಿ ಬರುತ್ತದೆ, ಕೇಳಲು ಸೊಗಸು. ಅಲ್ಲೇ ನಾಲ್ಕು ಮಂದಿ ಮಾತಾಡಿದರೆ ಮಾತು ಕಲಸಿಹೋಗುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ದನಿ ಎದುರು ಗೋಡೆ ಮುಟ್ಟಿ ಬರಲು 0.2 ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಬೀಟಿಗೆ ಎರಡಕ್ಷರ ಹಾಡಿದರೆ ಒಂದಕ್ಷರಕ್ಕೆ ಸಿಗುವುದು ಕಾಲು ಸೆಕೆಂಡು. ಹಿಂದಿನ ಅಕ್ಷರದ ಪ್ರತಿಧ್ವನಿ ಮುಂದಿನ ಅಕ್ಷರದ ಮೇಲೇ ಬಂದು ಬೀಳುತ್ತದೆ. ಸಿಂಥಿಗೆ, ಅಂದರೆ ಸಿಂಥಸೈಜರಿನ ದನಿಗೆ, ಒಪ್ಪುವ ನಾಲ್ಕೈದು ಸೆಕೆಂಡಿನ ರಿವರ್ಬನ್ನು ಕೊರಳಿಗೂ ಕೊಟ್ಟರೆ ಹೀಗೇ ಆಗುವುದು. ಕೊರಳಿಗೆ ಒಂದು, ಒಂದೂವರೆ ಸೆಕೆಂಡ್ ಸಾಕು. ಪ್ರೀ-ಡಿಲೇ, ಅಂದರೆ ಕೊರಳಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವು, 30ರಿಂದ 40 ಮಿಲಿಸೆಕೆಂಡ್ ಇಡಿ, ರಿವರ್ಬಿನಲ್ಲಿ 250 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಕೊರಳು ನುಡಿಯುವಷ್ಟು ಹೊತ್ತು ಸಿಂಥ್ ಪ್ಯಾಡನ್ನು, ಅಂದರೆ ಹಿನ್ನೆಲೆಯಲ್ಲಿ ಎಳೆದ ಸ್ವರಗಳನ್ನು, 2ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬಲ್ ತಗ್ಗಿಸಿ. ವ್ಯಂಜನಗಳ ಸ್ಪಷ್ಟತೆ ಇರುವುದು ಆ ಪಟ್ಟಿಯಲ್ಲೇ.

ಮುಗಿದ ಮೇಲೆ ಮೋನೊದಲ್ಲಿ, ಅಂದರೆ ಎಡಬಲ ಎರಡನ್ನೂ ಒಂದಾಗಿ ಸೇರಿಸಿ, ಕೇಳಿ. ಎಡಬಲಕ್ಕೆ ಹರಡಿಟ್ಟ ಸಿಂಥ್ ಮಾಯವಾದರೆ ಎರಡು ಬದಿಯ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದರ್ಥ. ಹರವು ಕಡಿಮೆ ಮಾಡಿ. ಗಣೇಶೋತ್ಸವದ ಮಂಟಪದಲ್ಲಿ ಸಾಲು ಸ್ಪೀಕರುಗಳು ನುಡಿಸುವುದು ಎಷ್ಟೋ ಸಲ ಈ ಮೋನೊವನ್ನೇ.

ನಮಸ್ಕಾರ.